ಉಣ್ಣಿಸಿ ಹೇಳುವ ಸುದ್ದಿ

ಮೈಕು ಹಿಡಿದ ಕೈ ನಡುಗಬಾರದು, ಬಾಯಿ ತಡವರಿಸಬಾರದು, ಎದುರಿಗಿದ್ದವರು ಅಳುತ್ತಿದ್ದರೆ ಕ್ಯಾಮೆರಾಕ್ಕೆ ಅಡ್ಡ ನಿಲ್ಲಬಾರದು. ಇಷ್ಟು ಕಲಿತರೆ ಪತ್ರಿಕೋದ್ಯಮ ಮುಗಿಯಿತು ಅಂತ ಹರಿಕೃಷ್ಣ ಸರ್ ಹೇಳಿಕೊಟ್ಟಿದ್ದರು. ಚಿಕ್ಕಬಳ್ಳಾಪುರದ ಒಂದು ಬೇಕರಿಯ ಮೇಲೆ ಎರಡು ರೂಮು ಹಿಡಿದು ಅವರು 'ಮೂಡಲ ಕಿಟಕಿ' ಅನ್ನುವ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದರು. ಯಾಮಿನಿ ಅಲ್ಲಿಗೆ ಇಂಟರ್ನ್‌ಶಿಪ್ಪಿಗೆ ಸೇರಿದ್ದಳು. ಅವಳದು ಬಿ.ಎ. ಕೊನೆಯ ಸೆಮಿಸ್ಟರ್, ಸಂವಹನ ವಿಷಯ. ಯಾವುದಾದರೂ ಸುದ್ದಿಮನೆಯಲ್ಲಿ ದುಡಿದು ಸರ್ಟಿಫಿಕೇಟು ತರದಿದ್ದರೆ ಕಾಲೇಜಿನವರು ಪಾಸು ಮಾಡುವ ಹಾಗಿರಲಿಲ್ಲ.

ಹುಡುಗಿ ಚುರುಕು. ಗೌರಿಬಿದನೂರಿನ ರೈಲ್ವೆ ಗೇಟಿನಲ್ಲಿ ಜನ ಕಾದು ಕಾದು ಬೇಸತ್ತಿದ್ದನ್ನು ವರದಿ ಮಾಡಿದ್ದಳು. ಚಿಂತಾಮಣಿಯಲ್ಲಿ ಟೊಮೆಟೊ ಬೆಲೆ ಬಿದ್ದಾಗ ಮಂಡಿಯೊಳಗೆ ನಿಂತು ಕನ್ನಡ ತೆಲುಗು ಎರಡರಲ್ಲೂ ಪಟಪಟ ಮಾತಾಡಿದ್ದಳು. ಅದೇ ಮಂಡಿಯಲ್ಲಿ ಗುಮಾಸ್ತನಾಗಿರುವ ಅವಳಪ್ಪ ರಮೇಶ್‌ಬಾಬು ಆ ವಿಡಿಯೋವನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿ, ನೋಡಿ ಮುಗಿಸುವವರೆಗೂ ಅವರನ್ನು ಬಿಟ್ಟಿರಲಿಲ್ಲ. ಆದರೆ ಸರ್‌ಗೆ ಅದೆಲ್ಲ ಸಪ್ಪೆ. ಟೊಮೆಟೊ ಮುಖ ಯಾರು ನೋಡ್ತಾರೆ, ಜನ ನೋಡೋದು ಜನರ ಮುಖ ಅನ್ನುವುದು ಅವರ ವಾದ. ಅದಕ್ಕೆ ಅವರ ಹತ್ತಿರ ಒಂದೇ ಪ್ರಶ್ನೆ ಇತ್ತು: ನಿಮಗೀಗ ಏನನ್ನಿಸ್ತಿದೆ? ಮನೆ ಸುಟ್ಟವನಿಗೂ ಅದೇ, ಚಿನ್ನದ ಪದಕ ಗೆದ್ದವನಿಗೂ ಅದೇ. ಯಾಮಿನಿ ಆ ಪ್ರಶ್ನೆಯನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡಿದ್ದಳು.

ಅವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಚಿರಂಜೀವಿಗೆ ಒಂದು ಫೋನ್ ಬಂತು. ಚಿರಂಜೀವಿ ಚಾನೆಲ್ಲಿನ ಕ್ಯಾಮೆರಾಮನ್. ಅವನಿಗೆ ಎಲ್ಲಾ ಆಸ್ಪತ್ರೆ, ಠಾಣೆಗಳಲ್ಲೂ ಒಬ್ಬೊಬ್ಬ ಗೆಳೆಯ. ಶಿಡ್ಲಘಟ್ಟದ ರಸ್ತೆಯ ಕ್ರಾಸಿನಲ್ಲಿ ಲಾರಿ ಗುದ್ದಿ ಒಬ್ಬ ರೈತ ಸ್ಥಳದಲ್ಲೇ ಹೋಗಿದ್ದಾನೆ, ರೇಷ್ಮೆ ಗೂಡು ಮಾರಲು ಮಾರ್ಕೆಟ್ಟಿಗೆ ಹೊರಟಿದ್ದವನು, ಹೆಸರು ಮುನಿಶಾಮಪ್ಪ, ಊರು ಸಾದಲಿ. ಇಷ್ಟೇ ಸುದ್ದಿ. ಬೇರೆ ಚಾನೆಲ್ಲಿನವರು ಹೋಗುವ ಮೊದಲು ಹೆಂಡತಿಯ ಬೈಟ್, ಅಂದರೆ ಕ್ಯಾಮೆರಾ ಮುಂದೆ ಆಡಿದ ಎರಡು ಮಾತು, ತರಬೇಕು ಅಂತ ಹರಿಕೃಷ್ಣ ಸರ್ ಇಬ್ಬರನ್ನೂ ಬೈಕ್ ಹತ್ತಿಸಿದರು.

ಸಾದಲಿಯ ಟೀ ಅಂಗಡಿ ಮುಂದೆ ಚಿರಂಜೀವಿ ಬೈಕ್ ಆಫ್ ಮಾಡದೆಯೇ, ಗೂಡು ತಗೊಂಡು ಹೋಗಿರೋ ಮುನಿಶಾಮಪ್ಪನ ಮನೆ ಯಾವುದು ಅಂತ ಕೇಳಿದ. ಅಂಗಡಿಯವನು ಮೇಲಿನ ಬೀದಿಗೆ ಕೈ ತೋರಿಸಿದ. ನಮ್ಮ ಕಡೆ ಊರಿಗೆ ನಾಲ್ಕು ಜನ ಮುನಿಶಾಮಪ್ಪಂದಿರು, ಅಷ್ಟೇ ಜನ ಮುನಿವೆಂಕಟಪ್ಪಂದಿರು ಇರುತ್ತಾರೆ. ಬೀದಿಯ ಹೆಸರೋ ಅಡ್ಡಹೆಸರೋ ಸೇರಿಸದೆ ಯಾರನ್ನೂ ಕೇಳಬಾರದು. ಚಿಂತಾಮಣಿಯಲ್ಲೇ ಹುಟ್ಟಿ ಬೆಳೆದ ಯಾಮಿನಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಅವಳು ಹಿಂದಿನ ಸೀಟಿನಲ್ಲಿ ಕೂತು, ಬಾಯಲ್ಲೇ ಪ್ರಶ್ನೆ ಉರುಹೊಡೆಯುತ್ತಿದ್ದಳು.

ಆ ಮನೆಯ ಹೆಂಗಸು ಶ್ಯಾಮಲಮ್ಮ ಅಂಗಳದಲ್ಲಿದ್ದಳು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು, ಗೂಡು ಬಿಡಿಸಿ ಖಾಲಿಯಾದವನ್ನು, ಗೋಡೆಗೆ ಒರಗಿಸಿ ಬಿಸಿಲಿಗೆ ಇಡುತ್ತಿದ್ದಳು. ಒಳಗೆ ಒಲೆಯ ಮೇಲೆ ಸಾರು ಕುದಿಯುವ ವಾಸನೆ ಬರುತ್ತಿತ್ತು, ಅತ್ತೆ ರೇಡಿಯೋ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸಾವಿನ ಮನೆಯಲ್ಲಿ ಯಾರೂ ಅಳುತ್ತಿಲ್ಲವಲ್ಲ ಅಂತ ಯಾಮಿನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮುನಿಶಾಮಪ್ಪನವರ ಮನೆ ಇದೇನಾ ಅಂತ ಕೇಳಿದಳು. ಹೌದು, ಅವರು ಮಾರ್ಕೆಟ್ಟಿಗೆ ಹೋಗಿದ್ದಾರೆ, ಕೂತ್ಕೊಳ್ಳಮ್ಮ ಅಂತ ಶ್ಯಾಮಲಮ್ಮ ನಗುತ್ತಾ ಸೆರಗು ಸರಿಮಾಡಿಕೊಂಡಳು. ಹಿಂದೆ ಚಿರಂಜೀವಿ ಕ್ಯಾಮೆರಾ ಆನ್ ಮಾಡಿದ.

"ನಿಮ್ಮ ಯಜಮಾನ್ರು ಇವತ್ತು ಬೆಳಿಗ್ಗೆ ಆಕ್ಸಿಡೆಂಟಲ್ಲಿ ತೀರಿಕೊಂಡಿದ್ದಾರೆ," ಅಂದಳು ಯಾಮಿನಿ, ಮೈಕನ್ನು ಮುಂದೆ ಚಾಚಿ. "ನಿಮಗೀಗ ಏನನ್ನಿಸ್ತಿದೆ?"

ಶ್ಯಾಮಲಮ್ಮನಿಗೆ ಏನೂ ಅನ್ನಿಸಲಿಲ್ಲ. ನಗು ಇನ್ನೂ ಮುಖದಲ್ಲೇ ಇತ್ತು. ಆ ನಗು ಇದ್ದ ಹಾಗೆಯೇ ಅವಳು ಒರಗಿಸಿದ್ದ ಚಂದ್ರಿಕೆಗಳ ಮೇಲೆ ಬಿದ್ದಳು, ಬಿದಿರು ಲಟಲಟ ಮುರಿಯಿತು. ಆಮೇಲೆ ಬಂದ ಕೂಗು ಮನುಷ್ಯರದು ಅಂತ ಯಾಮಿನಿಗೆ ಅನ್ನಿಸಲೇ ಇಲ್ಲ. ಇವರಿಗೆ ಇನ್ನೂ ಗೊತ್ತಿರಲಿಲ್ಲ, ನಾನೇ ಮೊದಲು ಹೇಳಿದ್ದು ಅನ್ನುವುದು ಅವಳ ತಲೆಗೆ ಹೋಗುವ ಹೊತ್ತಿಗೆ ಬೀದಿಯವರೆಲ್ಲ ಓಡಿ ಬಂದಿದ್ದರು. ಮೈಕು ಹಿಡಿದ ಅವಳ ಕೈ ಮಾತ್ರ, ಹೇಳಿಕೊಟ್ಟ ಹಾಗೆ, ನಡುಗದೆ ಚಾಚಿಕೊಂಡೇ ಇತ್ತು.

ಅತ್ತೆ ಬಂದು ಆ ಕೈಯ ಮೇಲೆ ಪಟ್ಟನೆ ಹೊಡೆದಳು. "ಸಾವನ್ನ ಹಿಂಗೇನೇ ಹೇಳೋದು? ನಿಮ್ಮಮ್ಮ ಏನೂ ಕಲಿಸಿಲ್ವೇನೇ? ಸೀರಿಯಸ್ಸು ಅಂತ ಹೇಳ್ಬೇಕು, ಪಕ್ಕದಲ್ಲಿ ಕೂತು ಒಂದು ತುತ್ತು ಉಣ್ಣಿಸ್ಬೇಕು, ಆಮೇಲೆ ಹೇಳ್ಬೇಕು. ಹೇಳಿದ್ಮೇಲೆ ಎಷ್ಟು ದಿವಸ ಅನ್ನ ಇಳಿಯಲ್ವೋ ಯಾರಿಗೆ ಗೊತ್ತು." ಅಷ್ಟು ಹೇಳಿ, ಸತ್ತವನು ತನ್ನ ಮಗ ಅಂತ ಆಗ ನೆನಪಾದವಳ ಹಾಗೆ ಅಲ್ಲೇ ನೆಲಕ್ಕೆ ಕೂತಳು.

ಯಾರೋ ಮುನಿಶಾಮಪ್ಪನ ನಂಬರಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಎತ್ತುತ್ತಿರಲಿಲ್ಲ. ಸತ್ತವನು ಎತ್ತುವುದೆಲ್ಲಿಂದ ಅಂತ ಇನ್ಯಾರೋ ಅಂದರು. ಚಿರಂಜೀವಿ ಅಷ್ಟರಲ್ಲಿ ಒಂದು ಮೂಲೆಗೆ ಹೋಗಿ, ತೆಗೆದದ್ದನ್ನು ಆಫೀಸಿಗೆ ಕಳಿಸಿಬಿಟ್ಟಿದ್ದ. ಹರಿಕೃಷ್ಣ ಸರ್ ಇಂಥದ್ದರಲ್ಲಿ ತಡ ಮಾಡುವವರಲ್ಲ. ಗಂಡನ ಸಾವಿನ ಸುದ್ದಿ ಕೇಳಿ ಕುಸಿದ ಸಾದಲಿಯ ಮಹಿಳೆ ಅಂತ ತಲೆಬರಹ ಕೊಟ್ಟು ಆಗಲೇ ಹಾಕಿಯೂ ಆಗಿತ್ತು.

ಆಗ ಆ ಫೋನ್ ಹೊಡೆದುಕೊಂಡಿತು. ತೆರೆಯ ಮೇಲೆ ಮುನಿಶಾಮಪ್ಪನ ಹೆಸರು. ಹಿಡಿದುಕೊಂಡವರು ಬೆಚ್ಚಿ ಅದನ್ನು ಕೆಳಗೆ ಹಾಕಿದರು. ಪೊಲೀಸರು ಮಾಡಿರಬೇಕು ಅಂತ ಒಬ್ಬ ಎತ್ತಿ ಸ್ಪೀಕರಿಗೆ ಹಾಕಿದ.

"ಏನ್ರೋ ಅದು, ಅಷ್ಟು ಸಲ ಫೋನ್ ಮಾಡಿದೀರ?" ಅಂದ ಮುನಿಶಾಮಪ್ಪ. ಹಿಂದೆ ಮಾರ್ಕೆಟ್ಟಿನ ಗದ್ದಲ. "ಇಲ್ಲಿ ಗೂಡು ಹರಾಜಾಗ್ತೈತೆ, ಕಿವಿ ಕೇಳಿಸಲ್ಲ. ಯಾರದು ಅಳ್ತಿರೋದು?"

ಶ್ಯಾಮಲಮ್ಮ ತಲೆ ಎತ್ತಿ ಫೋನನ್ನು ನೋಡಿದಳು, ಜನರನ್ನು ನೋಡಿದಳು, ಇನ್ನೊಮ್ಮೆ ಫೋನನ್ನು ನೋಡಿದಳು. ಆಮೇಲೆ ಅದನ್ನು ಕಿತ್ತುಕೊಂಡು ಗಂಡನಿಗೆ ಬಾಯಿಗೆ ಬಂದ ಹಾಗೆ ಬೈಯತೊಡಗಿದಳು, ತೆಲುಗಿನಲ್ಲಿ, ಬದುಕಿದ್ದದ್ದಕ್ಕೇ ಬೈದ ಹಾಗೆ. ಅತ್ತೆ ಅಳುತ್ತಾ ನಗುತ್ತಾ ನೆಲ ತಟ್ಟಿದಳು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕೆಲವರು ಯಾಮಿನಿಯ ಕಡೆ ತಿರುಗಿ, ಎಂಥಾ ಜನಮ್ಮ ನೀವು ಅಂತ ಶುರುಮಾಡಿದರು. ಅವಳಿಗೆ ಆ ಬೈಗುಳ ಹಿತವಾಗಿತ್ತು. ಸದ್ಯ, ಯಾರೂ ಸತ್ತಿಲ್ಲ ಅಂದುಕೊಂಡಳು. ಒಂದು ಗಳಿಗೆ ನಿಜವಾಗಿಯೂ ಹಾಗಂದುಕೊಂಡಳು.

ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಮುನಿಶಾಮಪ್ಪ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಕೆಳಗಿನ ಬೀದಿ ಮುನಿಶಾಮಪ್ಪ ನನಗಿಂತ ಮುಂಚೆನೇ ಟಿವಿಎಸ್ ಮೇಲೆ ಗೂಡು ಹೇರಿಕೊಂಡು ಹೊರಟಿದ್ದ, ಇನ್ನೂ ಬಂದಿಲ್ಲ, ಅವನು ಗೂಡು ಸುರಿಯೋ ಪಕ್ಕದ ಜಾಲರಿ ಖಾಲಿ ಐತೆ ಅಂದ. ಇಬ್ಬರೂ ಒಂದೇ ದಿನ ಒಂದೇ ಚಾಕಿ ಕೇಂದ್ರದಿಂದ ಮರಿಹುಳ ತಂದವರು, ಹಾಗಾಗಿ ಒಂದೇ ದಿನ ಗೂಡು ಬಿಡಿಸಿದವರು. ಚಿರಂಜೀವಿ ಆಸ್ಪತ್ರೆಯ ಗೆಳೆಯನಿಗೆ ಫೋನ್ ಮಾಡಿ ಗಾಡಿ ಯಾವುದು ಅಂತ ವಿಚಾರಿಸಿದ. ಫೋನ್ ಇಟ್ಟು, ಯಾರ ಮುಖವನ್ನೂ ನೋಡದೆ, ಟಿವಿಎಸ್ಸೇ ಅಂದ.

ಈಗಷ್ಟೇ ತಬ್ಬಿಕೊಂಡಿದ್ದವರು ಕೈ ಬಿಟ್ಟು ದೂರ ಸರಿದರು. ಕೆಳಗಿನ ಬೀದಿಯಲ್ಲಿ ಮಂಗಮ್ಮ ಇದ್ದಳು, ಆ ಇನ್ನೊಬ್ಬ ಮುನಿಶಾಮಪ್ಪನ ಹೆಂಡತಿ. ಅವಳಿಗೆ ಏನೂ ಗೊತ್ತಿರಲಿಲ್ಲ.

ಯಾಮಿನಿ ಸರ್‌ಗೆ ಫೋನ್ ಮಾಡಿ ಮನೆ ತಪ್ಪಾಗಿದೆ ಅಂತ ಹೇಳಿದಳು. ಅವರು ಬೆಚ್ಚುತ್ತಾರೆ ಅಂದುಕೊಂಡಿದ್ದಳು. ಅವರು ಬೆಚ್ಚಲಿಲ್ಲ. ಊರು ಅದೇ, ಹೆಸರೂ ಅದೇ, ದೊಡ್ಡ ತಪ್ಪೇನಲ್ಲ ಬಿಡಮ್ಮ ಅಂದರು. ವಿಡಿಯೋ ಚೆನ್ನಾಗಿ ಓಡುತ್ತಿದೆ, ನಿಜವಾದ ಹೆಂಡತಿಯ ಬೈಟೂ ತಗೊಂಡು ಬನ್ನಿ, ಆಮೇಲೆ ಬದಲಾಯಿಸಿದರಾಯಿತು, ಅಲ್ಲಿಯವರೆಗೂ ಅವಳಿಗೆ ಯಾರೂ ಹೇಳದ ಹಾಗೆ ನೋಡಿಕೊಳ್ಳಿ, ಮೊದಲ ರಿಯಾಕ್ಷನ್ ನಮಗೇ ಸಿಗಬೇಕು ಅಂದರು. ಆ ಮಾತು ಯಾಮಿನಿಗೆ ಅಸಹ್ಯವಾಯಿತು. ನಿನ್ನೆಯವರೆಗೂ ಅವಳಿಗೆ ಈ ಮಾತು ಬುದ್ಧಿವಂತಿಕೆ ಅನ್ನಿಸುತ್ತಿತ್ತಲ್ಲ, ಅದು ಇನ್ನೂ ಅಸಹ್ಯ.

"ವಿಡಿಯೋ ತೆಗೀರಿ ಸರ್," ಅಂದಳು. "ನಾನು ಬೈಟ್ ತರಲ್ಲ."

ಸರ್ಟಿಫಿಕೇಟು ಬೇಡವಾ ಅಂತ ಅವರು ಕೇಳಿದರು. ಅವಳು ಫೋನ್ ಇಟ್ಟಳು. ಮೈಕನ್ನು ಚಿರಂಜೀವಿಯ ಕೈಗೆ ಕೊಟ್ಟು, ಅಣ್ಣ, ನೀನು ಇಲ್ಲೇ ಇರು, ಕ್ಯಾಮೆರಾ ಬ್ಯಾಗಿಗೆ ಹಾಕು ಅಂದಳು. ಚಿರಂಜೀವಿ ಹಾಕಿದ.

ಹೇಳುವವರು ಯಾರು ಅಂತ ಜನ ಪಿಸುಗುಟ್ಟಿದರು. ಎಲ್ಲರೂ ಇನ್ನೊಬ್ಬರ ಮುಖ ನೋಡಿದರು. ಶ್ಯಾಮಲಮ್ಮ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಒಳಗೆ ಹೋಗಿ ತಟ್ಟೆಗೆ ಒಂದು ಮುದ್ದೆ, ಸಾರು ಹಾಕಿಕೊಂಡು ಸೆರಗಿನಲ್ಲಿ ಮುಚ್ಚಿದಳು. ಯಾಮಿನಿ, ನಾನೂ ಬರ್ತೀನಿ ಅಮ್ಮ ಅಂದಳು. ಶ್ಯಾಮಲಮ್ಮ ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು, ಆದರೆ ಬೇಡ ಅನ್ನಲಿಲ್ಲ.

ಇಬ್ಬರೂ ಬೀದಿ ಇಳಿದು ಸ್ವಲ್ಪ ದೂರವೂ ಹೋಗಿರಲಿಲ್ಲ. ಕೆಳಗಿನಿಂದ ಒಬ್ಬ ಹೆಂಗಸು ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಒಂದು ಕೈಯಲ್ಲಿ ಫೋನು, ಕೆದರಿದ ಕೂದಲು, ಮುಖವೆಲ್ಲ ಕಣ್ಣೀರು. ಮಂಗಮ್ಮ. ಗೊತ್ತಾಗಿಬಿಟ್ಟಿದೆ ಅಂದುಕೊಂಡಳು ಯಾಮಿನಿ.

ಗೊತ್ತಾಗಿರಲಿಲ್ಲ. ಮಂಗಮ್ಮ ಬಂದವಳೇ ಶ್ಯಾಮಲಮ್ಮನನ್ನು ಬಿಗಿಯಾಗಿ ತಬ್ಬಿಕೊಂಡು, ಅಕ್ಕಾ, ಹೆಂಗಾಯ್ತಕ್ಕಾ, ಫೋನಲ್ಲಿ ನೋಡ್ದೆ, ನೀನು ಬೀಳೋದು ನೋಡ್ದೆ ಅಂತ ಅತ್ತಳು. ನಮ್ಮೋರೂ ಅದೇ ಮಾರ್ಕೆಟ್ಟಲ್ಲವ್ರೆ, ಹೋಗಿ ಎಲ್ಲಾ ನೋಡ್ಕೊಳ್ಳೀಂತ ಹೇಳಾಣಂದ್ರೆ ಫೋನೇ ಸಿಗ್ತಿಲ್ಲ, ನೀನು ಹೆದರಬೇಡ, ನಾವಿದೀವಿ ಅಂತ ಶ್ಯಾಮಲಮ್ಮನ ಬೆನ್ನು ಸವರಿದಳು. ಶ್ಯಾಮಲಮ್ಮ ಮುಚ್ಚಿದ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದಳು. ಬೀದಿಯ ಎರಡೂ ಕಡೆ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಶ್ಯಾಮಲಮ್ಮ ಅವಳನ್ನು ಪಕ್ಕದ ಮನೆಯ ಜಗಲಿಯ ಮೇಲೆ ಕೂರಿಸಿದಳು. ಸೆರಗು ಸರಿಸಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಹಿಡಿದಳು. ಒಂದು ತುತ್ತು ತಿನ್ನು ಮಂಗಾ ಅಂದಳು. ಅಳುತ್ತಿದ್ದ ಮಂಗಮ್ಮ ದೊಡ್ಡವಳ ಮಾತು ಮೀರಲಾರದೆ ಬಾಯಿ ತೆರೆದಳು. ತುತ್ತು ಬಾಯಿಗೆ ಹೋಯಿತು. ಎರಡನೆಯದನ್ನು ಮುರಿಯುತ್ತಿದ್ದ ಕೈಯನ್ನು ಅವಳು ನೋಡಿದಳು.

"ಸಾವಾಗಿರೋದು ನಿಮ್ಮನೇಲಿ," ಅಂದಳು, ತುಂಬಿದ ಬಾಯಲ್ಲಿ. "ನಂಗ್ಯಾಕಕ್ಕಾ ಉಣ್ಣಿಸ್ತಿದೀಯ?"

ಶ್ಯಾಮಲಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಮಂಗಮ್ಮ ಒಂದೊಂದೇ ಬಾಗಿಲಿನತ್ತ ನೋಡಿದಳು. ನೋಡಿದ ಕಡೆಯೆಲ್ಲ ಜನ ತಲೆ ತಗ್ಗಿಸಿದರು. ಅವಳೂ ಇದೇ ಊರಿನವಳು, ತನ್ನ ಕೈಯಿಂದ ಹೀಗೆ ಯಾರು ಯಾರಿಗೋ ಉಣ್ಣಿಸಿದವಳು. ಕೊನೆಗೆ ಅವಳ ಕಣ್ಣು ಯಾಮಿನಿಯ ಮೇಲೆ ಬಂದು ನಿಂತಿತು.

"ಫೋನಲ್ಲಿ ಮೈಕು ಹಿಡ್ಕೊಂಡಿದ್ದೋಳು ನೀನೇ ಅಲ್ವೇನಮ್ಮ," ಅಂದಳು. "ನೀನೇ ಹೇಳು. ಯಾವ ಮುನಿಶಾಮಪ್ಪ?"

ಯಾಮಿನಿಗೆ ಓಡಿಹೋಗಬೇಕು ಅನ್ನಿಸಿತು. ಅವಳು ಮಂಗಮ್ಮನ ಎದುರಿಗೆ ನೆಲದ ಮೇಲೆ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. ಮೈಕು ಹಿಡಿದಿದ್ದ ಕೈ ಈಗ ನಡುಗುತ್ತಿತ್ತು.

"ನಿಮ್ಮೋರು ಕಣಮ್ಮ," ಅಂದಳು. "ನಾನು ಮನೆ ತಪ್ಪಿ ಹೋಗಿದ್ದೆ."

ಮಂಗಮ್ಮ ಬಾಯಲ್ಲಿದ್ದ ತುತ್ತನ್ನು ಉಗುಳಲಿಲ್ಲ. ಯಾಮಿನಿಯನ್ನೇ ನೋಡುತ್ತಾ ನಿಧಾನವಾಗಿ ನುಂಗಿದಳು. ಅದು ಗಂಟಲಲ್ಲಿ ಇಳಿಯುವುದು ಎಲ್ಲರಿಗೂ ಕಂಡಿತು. ಆಮೇಲೆ ಅವಳ ಉಗುರುಗಳು ಯಾಮಿನಿಯ ಅಂಗೈಗೆ ಕಚ್ಚಿಕೊಂಡವು. ಯಾಮಿನಿ ಕೈ ಬಿಡಿಸಿಕೊಳ್ಳಲಿಲ್ಲ.