ಕೈಗೆಟುಕದ ಹಿಡಿ

ಬಸವಣ್ಣೆಪ್ಪ ಸಾವುಕಾರರು ಲಿಲಾವಿನಲ್ಲಿ ಕೊಂಡ ಮಿಲಿಟರಿ ಜೀಪು ಭಾಲ್ಕಿಯ ಕಮ್ಮಾರ ಕಾಶೀರಾಮನ ಕುಲುಮೆಯ ಮುಂದೆ ನಿಂತಿತ್ತು. ಒಳಗಿನ ಕೈಹಿಡಿಗಳನ್ನೆಲ್ಲ ಯಾವ ಪುಣ್ಯಾತ್ಮನೋ ಬಿಚ್ಚಿಕೊಂಡು ಹೋಗಿದ್ದ. ಉಳಿದದ್ದು ಬರೀ ತೂತು. ಬೀದರಿನ ಆ ದಾರಿಗೆ ಹಿಡಿಯಿಲ್ಲದ ಜೀಪು ಹತ್ತುವುದೆಂದರೆ ಹಲ್ಲು ಉದುರಿಸಿಕೊಳ್ಳಲು ಹೊರಟ ಹಾಗೇ!

"ಲಗೂನ ಮಾಡಪಾ," ಎಂದಳು ಸೂಲಗಿತ್ತಿ ಸತ್ಯಮ್ಮ. "ಮಹಮೂದಾ ಬೇಗಂಗ ನಿನ್ನಿಯಿಂದ ಬ್ಯಾನಿ. ಕೂಸು ಅಡ್ಡ ತಿರಗ್ಯಾದ. ಬೀದರ ದವಾಖಾನಿ ಮುಟ್ಟಲಿಲ್ಲಂದ್ರ ಇಬ್ರೂ ಉಳಿಯಂಗಿಲ್ಲ. ಹಿಡಿ ಇಲ್ಲದ ಗಾಡಿ ಒಲ್ಲೆ ಅಂತಾಳ. ಜೋಲಿ ಹೊಡದ್ರ ಪರಗಂಡಸರ ಮೈಮ್ಯಾಲ ಬೀಳ್ತೇನಿ ಅಂತ ಅಂಜ್ಯಾಳ."

ಅಂಜಿಕೆ ಸುಮ್ಮನೆ ಅಲ್ಲ. ನಿಜಾಮನ ಆಳಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ಮರುವಾರವೇ, ಸೇಡಿನ ಗಲಾಟೆಯಲ್ಲಿ ಆಕೆಯ ಗಂಡ ಅಮೀರ ಪಾಶಾನ ಕೊಲೆಯಾಗಿತ್ತು. ಹೆರಿಗೆಯಾಗುವತನಕ ಆಕೆ ಇದ್ದತ್ ಹಿಡಿದವಳು, ಪರಗಂಡಸರ ಕಣ್ಣಿಗೂ ಬೀಳದೆ ಗಂಡನ ದುಃಖದಲ್ಲಿ ಕೂತವಳು.

ಕಾಶೀರಾಮನ ಹೊಟ್ಟೆಯಲ್ಲೂ ಬೆಂಕಿಯಿತ್ತು. ಆ ಮಳೆಗಾಲದಲ್ಲೇ ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರು ಅವನ ತಮ್ಮ ದತ್ತಾತ್ರಿಯನ್ನು ಔರಾದ ದಾರಿಯಲ್ಲಿ ಕೊಂದಿದ್ದರು. ಅಂದಿನಿಂದ ಅವನು ಪಾಶಾನ ಓಣಿಗೆ ಕಾಲಿಟ್ಟಿರಲಿಲ್ಲ. ಪಾಶಾ ಯಾರ ಗೋಜಿಗೂ ಹೋಗದ ಮನುಷ್ಯನೆಂದು ಗೊತ್ತಿತ್ತು. ಸಿಟ್ಟು ಅದನ್ನೆಲ್ಲ ಎಲ್ಲಿ ಕೇಳುತ್ತದೆ? ಆದರೂ ಕಬ್ಬಿಣ ಕಾಯಿಸಿದ. ಸರಳು ಬಗ್ಗಿಸಿ, ಸೀಟಿನ ಮೇಲೆ ತಾನೇ ಕೂತು ಕೈ ಚಾಚಿ ಅಳತೆ ನೋಡಿ, ಎರಡು ಹಿಡಿ ಕೂರಿಸಿ, ಜೋತುಬಿದ್ದು ಜಗ್ಗಿದ. ಅಲುಗಲಿಲ್ಲ. ದಾರಿಯಲ್ಲಿ ನಟ್ಟು ಸಡಿಲಾದರೆ ಬಿಗಿಯಬೇಕಲ್ಲ ಎಂದು ಪಾನಾ ಹಿಡಿದು ತಾನೂ ಹಿಂದೆ ಹತ್ತಿದ.

ಮಹಮೂದಾಳನ್ನು ಹತ್ತಿಸಿಕೊಂಡು ಜೀಪು ಹೊರಟಿತು. ಬೀದರಿನ ಹೊಸ್ತಿಲಲ್ಲಿರುವ ನೌಬಾದ ಇನ್ನೂ ದೂರವಿತ್ತು. ನೋವು ತಡೆಯಲಾರದೆ ಮಹಮೂದಾ ಸೀಟಿನಿಂದ ಜಾರಿ ಜೀಪಿನ ತಳದಲ್ಲಿ, ಸತ್ಯಮ್ಮನ ತೊಡೆಗೆ ಒರಗಿದಳು. ಮುಂದೆ ಹಳ್ಳ. ಡ್ರೈವರ್ ಧೊಂಡಿಬಾ, "ಗಟ್ಟಿ ಹಿಡಕೋರಿ!" ಎಂದು ಕೂಗಿದ. ಬುರ್ಕಾದೊಳಗಿನಿಂದ ಕೈ ಮೇಲೆದ್ದಿತು, ತಡಕಾಡಿತು. ಹಿಡಿ ಸಿಗಲಿಲ್ಲ. ಕೂತ ಗಂಡಸಿನ ಅಳತೆಗೆ ಮಾಡಿದ ಹಿಡಿ ಬಿದ್ದ ಹೆಂಗಸಿಗೆ ಹ್ಯಾಗೆ ಎಟುಕೀತು?

"ಥೂ, ನನ್ನ ಬುದ್ಧಿಗಿಷ್ಟು!" ಎಂದ ಕಾಶೀರಾಮ. ಎಡಗೈಯಿಂದ ಹಿಡಿಗೆ ಜೋತುಬಿದ್ದು ಬಲಗೈ ಕೆಳಗೆ ಚಾಚಿದ. "ಹಿಡಕೋರಿ ಅಕ್ಕಾ."

ಆ ಕೈ ಹಿಂಜರಿಯಿತು. ಗಾಲಿ ಗುಂಡಿಗೆ ಇಳಿಯಿತು. ಮಹಮೂದಾ ಅವನ ಮಣಿಕಟ್ಟು ಹಿಡಿದಳು. ಉಗುರು ನಾಟಿ ರಕ್ತ ಬಂತು.

"ಬಿಡಬ್ಯಾಡ್ರಿ, ಭಾಯಿ."

"ಬಿಡಂಗಿಲ್ಲ."

ದವಾಖಾನೆಯ ಬಾಗಿಲು ಬರುವವರೆಗೂ ಅವನು ಬಿಡಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಸತ್ಯಮ್ಮ ಹೊರಗೆ ಬಂದಳು. "ಇಬ್ರೂ ಉಳದ್ರಪಾ. ಒಳಗ ಬಾ. ಕೂಸಿನ ಮಾಮೂ ಎಲ್ಲಿ ಹೋದ ಅಂತ ಕೇಳ್ಲಿಕತ್ಯಾಳ."

"ಯಾರು?"

"ನೀನ, ಮತ್ತ್ಯಾರು?"

ತಮ್ಮನ ಹೆಣದ ಮುಂದೆ ಕಲ್ಲಾಗಿ ಕೂತಿದ್ದ ಕಾಶೀರಾಮ, ದವಾಖಾನೆಯ ಗೋಡೆಗೆ ಹಣೆ ಹಚ್ಚಿ ಗಳಗಳನೆ ಅತ್ತುಬಿಟ್ಟ.