ಮಿಹೊ ಮಾರುವಿನ ಕಿಟಕಿಗಳು

ಹೆಂಡತಿ ಕಿನುಯೊ ಅಡುಗೆಮನೆಯ ಡ್ರಾಯರಿನಿಂದ ಹಳದಿ ಮುಚ್ಚಳದ ಅಂಟಿನ ಟ್ಯೂಬು ಹಿಡಿದು ಬಂದದ್ದನ್ನು ಕಂಡಾಗಲೇ, ಕೆಲಸ ಕೆಟ್ಟಿತು ಎಂದುಕೊಂಡ ತೊಕುಜಿ. ಚಪ್ಪಲಿಯ ಅಟ್ಟೆ ಕಿತ್ತುಬರಲಿ, ಟೀ ಕೆಟಲಿನ ಮೂತಿ ಒಡೆಯಲಿ, ಅವಳ ಕೈ ಹೋಗುವುದು ಈ ಟ್ಯೂಬಿಗೇ. ಒಂದು ಹನಿ ಬಿದ್ದರೆ ಸಾಕು, ಕ್ಷಣದಲ್ಲಿ ಕಚ್ಚಿಕೊಳ್ಳುತ್ತದೆ.

"ನಾಳೆ ಬೆಳಿಗ್ಗೆ ನಿಮ್ಮ ಕ್ಲಬ್ಬಿನ ನಾಗಕುರಾ ಹಡಗನ್ನ ಪ್ರದರ್ಶನಕ್ಕೆ ಒಯ್ಯೋಕೆ ಬರ್ತಾರೆ, ಗೊತ್ತಲ್ವಾ?" ಎಂದಳು ಅವನ ಗಾಲಿಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ನೂಕುತ್ತ. "ಕಾರಲ್ಲಿ ಅಲ್ಲಾಡಿ ಅದರ ಛಾವಣಿ ಹಾರಿಹೋದೀತು, ಅದೊಂದು ಅಂಟಿಸಿಟ್ಟಿರಿ ಅತ್ತಿಗೆ ಅಂದ್ರು ಫೋನಲ್ಲಿ. ಕಿಟಕಿ ಮೇಲಿನ ಟೇಪು ಮಾತ್ರ ಮುಟ್ಟಬೇಡಿ, ನಾನೇ ಬಂದು ಅಣ್ಣನ ಎದುರಿಗೇ ಬಿಚ್ತೀನಿ ಅಂದಿದ್ದಾರೆ. ಸರಿ ತಾನೆ?"

ಸರಿಯಲ್ಲ. ತೊಕುಜಿ ಬಾಯಿ ತೆರೆದ. "ಆ... ಆ" ಎಂದಷ್ಟೇ ಬಂತು. ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ ಅವನ ಪಾಲಿಗೆ ಉಳಿದದ್ದು ಇದೊಂದೇ ಸದ್ದು. ಬಲಗೈ ತೊಡೆಯ ಮೇಲೆ ಸತ್ತ ಮೀನಿನ ಹಾಗೆ ಬಿದ್ದಿರುತ್ತದೆ. ಎಡಗೈಗೆ ಪೆನ್ನು ಕೊಟ್ಟು ನೋಡಿದ್ದರು. ತಲೆಯಲ್ಲಿ ನೆಟ್ಟಗೆ ನಿಂತ ಮಾತು ಕೈಗೆ ಇಳಿಯುವಷ್ಟರಲ್ಲಿ ಸುರುಳಿ ಸುರುಳಿ ಗೆರೆಯಾಗಿಬಿಡುತ್ತಿತ್ತು.

ಮೇಜಿನ ಮೇಲೆ ಹಳೆಯ ದೋಣಿ ಮಿಹೊ ಮಾರುವಿನ ಮಾದರಿ ಮೊಳದುದ್ದ ನಿಂತಿತ್ತು. ಶಿಮಿಜು ಬಂದರಿನಿಂದ ಜನರನ್ನು ಕೊಲ್ಲಿ ದಾಟಿಸುತ್ತಿದ್ದ ದೋಣಿ. ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಅದರ ಮಾದರಿ ಜೋಡಿಸುವ ಕಿಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತೊಕುಜಿ ಬಿಳಿಯ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಉಪ್ಪುಕಾಗದದಲ್ಲಿ ತಿಕ್ಕಿ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿ, ಎಲ್ಲವನ್ನೂ ಕೈಯಾರೆ ಮಾಡಿದ್ದ. ಶಿಜುವೋಕಾದ ಮಾಡೆಲ್ ಕಾರ್ಖಾನೆಯಲ್ಲಿ ಜೀವಮಾನವಿಡೀ ಅಚ್ಚು ಕೊರೆದ ಕೈ ಅದು. ಹೊರಮೈಗೆ ಬಣ್ಣ ಸಿಂಪಡಿಸುವಾಗ ಕಿಟಕಿಗಳಿಗೆ ತಾಗದಿರಲೆಂದು ಪ್ರತಿ ಕಿಟಕಿಗೂ ಅಳತೆಯಾಗಿ ಟೇಪು ಅಂಟಿಸಿದ್ದ. ಬಣ್ಣ ಒಣಗಿದ ಮರುದಿನವೇ ಲಕ್ವ ಹೊಡೆದಿತ್ತು.

ಆ ಟೇಪಿನ ಹಿಂದೆ ಏನಿದೆಯೆಂದು ಅವನೊಬ್ಬನಿಗೇ ಗೊತ್ತು. ಪ್ರಯಾಣಿಕರ ಕೋಣೆಯ ಮೂಲೆಯಲ್ಲಿ ಪುಟ್ಟದೊಂದು ಅಂಗಡಿ ಕಟ್ಟೆ. ಕಟ್ಟೆಯ ಹಿಂದೆ ನೀಲಿ ಸಮವಸ್ತ್ರದ ಹುಡುಗಿ, ಎತ್ತರ ಕಿರುಬೆರಳ ಉಗುರಿನಷ್ಟು. ಅವಳ ತೋಳಿಗಾಗಿ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ನೂಲಿನಷ್ಟು ತೆಳ್ಳಗೆ ಎಳೆದಿದ್ದ. ಕುತ್ತಿಗೆಯ ಕೆಂಪು ಸ್ಕಾರ್ಫ್ ಬಳಿಯಲು ಬ್ರಷ್ಷಿನ ಕೂದಲನ್ನೆಲ್ಲ ಕತ್ತರಿಸಿ ಒಂದೇ ಎಳೆ ಉಳಿಸಿಕೊಂಡಿದ್ದ. ಕೈಯಲ್ಲೊಂದು ಕಿತ್ತಳೆಯ ಚೀಲ. ಆಚೆ ದಡದಲ್ಲಿ ಯಾವ ಕೆಲಸವೂ ಇಲ್ಲದೆ ಒಬ್ಬ ಯುವಕ ವಾರವಾರವೂ ಕೊಲ್ಲಿ ದಾಟಿದ್ದು ಈ ಹುಡುಗಿಯ ಕೈಯಿಂದ ಕಿತ್ತಳೆ ಕೊಳ್ಳಲೆಂದೇ. ಅದನ್ನು ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಅವಳೊಂದಿಗೇ ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳ ಮದುವೆಯೂ ಆಯಿತು. ಹೇಳುವುದೇನಿದೆ, ಅವಳಿಗೆ ಗೊತ್ತಿದ್ದೇ ಇರುತ್ತದೆ ಎಂದುಕೊಂಡಿದ್ದ ಮಹಾರಾಯ. ಟೇಪು ಬಿಚ್ಚಿ, ಕಿಟಕಿಯೊಳಗೆ ಬಗ್ಗಿ ನೋಡು ಅಂದರೆ ಸಾಕು, ಮಾತಾಡುವ ಕಷ್ಟವೂ ಇಲ್ಲ ಎಂಬುದು ಅವನ ಲೆಕ್ಕವಾಗಿತ್ತು.

ಕಿನುಯೊ ಟ್ಯೂಬಿನ ಮುಚ್ಚಳ ತಿರುವಿದಳು.

ಆ ಅಂಟು ಆರುವಾಗ ಕಣ್ಣಿಗೆ ಕಾಣದ ಆವಿ ಬಿಡುತ್ತದೆ. ಮುಚ್ಚಿದ ಜಾಗವಾದರೆ ಆ ಆವಿ ಹೊರಗೆ ಹೋಗಲಾರದೆ ಕಿಟಕಿಯ ಪ್ಲಾಸ್ಟಿಕ್ಕಿನ ಒಳಮೈ ಮೇಲೆ ಕೂತು ಬಿಳಿ ಪೊರೆಯಾಗುತ್ತದೆ. ಮಾಡೆಲ್ ಕಟ್ಟುವವರೆಲ್ಲ ಒಂದಲ್ಲ ಒಂದು ಸಲ ಮಾಡಿ ಹಣೆ ಚಚ್ಚಿಕೊಳ್ಳುವ ತಪ್ಪು ಇದು. ಕಿಟಕಿ ಇದ್ದಲ್ಲಿ ಬಳಸಬೇಕಾದದ್ದು ಮರದ ಕೆಲಸದ ಬಿಳಿ ಗೋಂದು. ಅದರ ಬಾಟಲಿ ಬಣ್ಣದ ಸೀಸೆಗಳ ಪಕ್ಕದಲ್ಲೇ, ಕೈಗೆಟುಕುವಂತೆ ಇತ್ತು. ತೊಕುಜಿ ಎಡಗೈ ಚಾಚಿ ಅದನ್ನು ಅವಳತ್ತ ತಳ್ಳಿದ. ಥಿನ್ನರ್ ಬಾಟಲಿಯೊಂದು ಉರುಳಿಬಿತ್ತು.

"ಅಯ್ಯಯ್ಯೋ, ನಿಧಾನ!" ಕಿನುಯೊ ಬಾಟಲಿ ಎತ್ತಿಟ್ಟಳು. ಬಿಳಿ ಗೋಂದನ್ನು ತಿರುಗಿಸಿ ನೋಡಿ ನಕ್ಕಳು. "ಇದಾ? ಇದು ಮಕ್ಕಳು ಕಾಗದ ಅಂಟಿಸೋ ಗೋಂದಲ್ವೇನ್ರೀ? ನಿಮ್ಮ ಹಡಗು ಬಿದ್ದು ಒಡೆದುಹೋದ್ರೆ ಆಮೇಲೆ ನನ್ನ ಮೇಲೇ ಮುನಿಸ್ಕೊಳ್ಳೋದು. ಇದು ನೋಡಿ, ಗಟ್ಟಿ ಅಂದ್ರೆ ಗಟ್ಟಿ."

ಅವನು ತಲೆ ಅಲ್ಲಾಡಿಸಿದ. ಕತ್ತು ನೋಯುವ ಹಾಗೆ ಅಲ್ಲಾಡಿಸಿದ.

ಅವಳ ನಗು ಮೆಲ್ಲಗೆ ಇಳಿಯಿತು. "ಗೊತ್ತು ಬಿಡಿ. ನಿಮ್ಮ ಸಾಮಾನು ನಾನು ಮುಟ್ಟಬಾರದು. ಇಷ್ಟು ವರ್ಷ ಮುಟ್ಟಿದೀನಾ? ಧೂಳು ಹೊಡೆಯೋಕೂ ಹೆದರ್ತಿದ್ದೆ. ಆದ್ರೆ ಈಗ ನೀವು ಮಾಡೋಕಾಗಲ್ಲ, ನಾನು ಮಾಡ್ದೆ ಇನ್ಯಾರು ಮಾಡ್ಬೇಕು ಹೇಳಿ? ನಿಮ್ಮ ಹಡಗು ಪ್ರದರ್ಶನದ ಮೇಜಿನ ಮೇಲೆ ಇರ್ಬೇಕು ಅಂತ ನನಗೂ ಆಸೆ ಇರಲ್ವಾ?"

ತೊಕುಜಿಯ ಎಡಗೈ ಛಾವಣಿಯ ಅಂಚಿಗೆ ಹೋಯಿತು. ಅಂಟು ಬೀಳುವ ಮೊದಲು ಅದನ್ನೊಮ್ಮೆ ಎತ್ತಿಬಿಟ್ಟರೆ ಸಾಕಿತ್ತು. ಒಳಗಿನ ಹುಡುಗಿಯನ್ನು ಅವಳು ಮೇಲಿನಿಂದಲೇ ನೋಡಿಬಿಡುತ್ತಿದ್ದಳು. ಆದರೆ ಅಭ್ಯಾಸವಿಲ್ಲದ ಬೆರಳುಗಳು ಛಾವಣಿಯ ಬದಲು ಹೊಗೆಕೊಳವೆಯನ್ನು ಹಿಡಿದು ನಡುಗಿದವು. ಇಡೀ ದೋಣಿ ಮೇಜಿನ ಮೇಲೆ ಕಟಕಟ ಅಂದಿತು. ಕಿನುಯೊ ಮಗುವಿನ ಕೈ ಬಿಡಿಸುವ ಹಾಗೆ ಒಂದೊಂದೇ ಬೆರಳು ಬಿಡಿಸಿದಳು. ಆ ಕೈಯನ್ನು ತನ್ನ ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಬಲಗೈಯಿಂದ ಛಾವಣಿಯ ಸಂದಿಗುಂಟ ಅಂಟು ಹಾಕುತ್ತ ಹೋದಳು. ಕೈ ಒಂದಿಷ್ಟೂ ಕದಲಲಿಲ್ಲ. ಒಂದು ಹನಿಯೂ ಆಚೀಚೆ ಚೆಲ್ಲಲಿಲ್ಲ. ತೊಕುಜಿ ನೋಡುತ್ತ ಕೂತ. ಕಾರ್ಖಾನೆಯಲ್ಲಿ ಅವನ ಕೈಕೆಳಗೆ ಕಲಿತವರಲ್ಲಿ ಕೂಡ ಇಷ್ಟು ಶುದ್ಧವಾಗಿ ಅಂಟು ಹಾಕಿದವರಿರಲಿಲ್ಲ.

"ನೋಡಿದ್ರಾ?" ಅವಳ ಮುಖ ಅರಳಿತ್ತು. "ನಿಮ್ಮ ಹೆಂಡತಿ ಏನು ಕಮ್ಮಿ?"

ಅವನು ಅತ್ತ. ಅತ್ತದ್ದು ಸಂತೋಷಕ್ಕೆಂದು ಅವಳು ಅರ್ಥ ಮಾಡಿಕೊಂಡಳು.

ಬೆಳಿಗ್ಗೆ ನಾಗಕುರಾ ಥರ್ಮೋಕೋಲು ತುಂಬಿದ ಪೆಟ್ಟಿಗೆಯೊಂದಿಗೆ ಬಂದ. ಮಾಡೆಲ್ ಕ್ಲಬ್ಬಿನಲ್ಲಿ ತೊಕುಜಿಯ ಶಿಷ್ಯನೆಂದೇ ಹೇಳಿಕೊಳ್ಳುವ, ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯ. "ಅಣ್ಣಾ, ಈ ಸಲ ನಮ್ಮ ಮೇಜಿನ ನಡುವೆ ನಿಮ್ಮ ಹಡಗೇ. ಒಸಾಕಾ ಕ್ಲಬ್ಬಿನವರು ಹೊಟ್ಟೆ ಉರ್ಕೊಂಡು ಸಾಯ್ಲಿ!" ಎನ್ನುತ್ತ ಚಿಮಟದ ತುದಿಯಿಂದ ಮೊದಲ ಟೇಪಿನ ಮೂಲೆ ಎತ್ತಿ ಮೆಲ್ಲಗೆ ಸುಲಿದ.

ಕಿಟಕಿ ಹಾಲಿನಷ್ಟು ಬೆಳ್ಳಗಿತ್ತು.

ನಾಗಕುರಾ ಎರಡನೆಯದನ್ನು ಸುಲಿದ, ಮೂರನೆಯದನ್ನೂ. ನಂತರ ತಲೆಯೆತ್ತದೆ ಕೇಳಿದ: "ಅತ್ತಿಗೆ, ಯಾವ ಅಂಟು ಹಾಕಿದ್ರಿ?"

"ಮನೇಲಿರೋದೇ, ಆ ಹಳದಿ ಮುಚ್ಚಳದ್ದು. ಯಾಕೆ? ಏನಾಯ್ತು?"

ನಾಗಕುರಾ ತೊಕುಜಿಯನ್ನು ನೋಡಿದ. ತೊಕುಜಿ ದೋಣಿಯ ಛಾವಣಿಯತ್ತ ಬೆರಳು ಚಾಚಿ "ಆ... ಆ" ಎಂದ. ನಾಗಕುರಾ ಉಗುರಿನಿಂದ ಸಂದಿ ಸವರಿ, ತಗ್ಗಿದ ದನಿಯಲ್ಲಿ, "ಆಗಲ್ಲ ಅಣ್ಣ. ಈಗ ಎಬ್ಬಿಸಿದ್ರೆ ಗೋಡೆ ಸಮೇತ ಸೀಳ್ಕೊಂಡು ಬರುತ್ತೆ," ಎಂದ. ಕಿನುಯೊ ಇಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು. ಅವಳ ಕೈ ತಂತಾನೇ ಏಪ್ರನ್ನಿನ ಅಂಚನ್ನು ಹಿಂಡತೊಡಗಿತ್ತು.

"ನಾನೇನಾದ್ರೂ ಹಾಳು ಮಾಡಿದ್ನಾ?"

"ಛೇ ಛೇ, ಎಲ್ಲಿ ಹಾಳು?" ನಾಗಕುರಾ ಜೋರಾಗಿ ನಕ್ಕ. "ಸಮುದ್ರದ ದೋಣಿ ಕಿಟಕಿ ಅತ್ತಿಗೆ. ಉಪ್ಪು ಹಿಡಿದಿರುತ್ತೆ. ಹೀಗೇ ಚೆನ್ನ. ನಿಜವಾದದ್ದರ ಹಾಗೇ ಇದೆ."

ಅವಳು ಉಸಿರು ಬಿಟ್ಟಳು. "ಹೌದಪ್ಪ, ಹಾಗೇ ಇರ್ತಿತ್ತು." ದೋಣಿಯ ಮುಂದೆ ಬಗ್ಗಿ ಒಂದು ಕಣ್ಣನ್ನು ಕಿಟಕಿಗೆ ತಂದಳು. "ಒಳಗೇನೋ ಕೆಂಪಗೆ ಕಾಣ್ತಿದೆ."

ನಾಗಕುರಾನೂ ಬಗ್ಗಿ ನೋಡಿದ. "ಬೆಂಕಿ ಆರಿಸೋ ಸಿಲಿಂಡರ್ ಇರ್ಬೇಕು. ಅಣ್ಣ ಅದನ್ನೂ ಬಿಟ್ಟಿಲ್ಲ ನೋಡಿ!"

"ಅಲ್ಲೇ ಇತ್ತು, ನನ್ನ ಕಟ್ಟೆ ಪಕ್ಕದಲ್ಲೇ!" ಕಿನುಯೊ ಗಂಡನ ಕಡೆ ತಿರುಗಿ ಹುಸಿಮುನಿಸಿನಿಂದ ನೋಡಿದಳು. "ಸಿಲಿಂಡರ್ ನೆನಪಿದೆ ಈ ಮಹಾಶಯರಿಗೆ. ಪಕ್ಕದಲ್ಲಿ ನಾನೊಬ್ಬಳು ನಿಂತಿರ್ತಿದ್ದೆ, ಅದು ನೆನಪಿಲ್ಲ."

"ಆ..." ಎಂದ ತೊಕುಜಿ. "ಆ... ಆ..."

"ಆಯ್ತು ಆಯ್ತು, ತಮಾಷೆಗಂದೆ." ಅವಳು ಅವನ ಕೆನ್ನೆ ಸವರಿದಳು. ಮತ್ತೆ ದೋಣಿಯತ್ತ ಬಾಗಿದಳು. "ಈ ಕಿಟಕಿಗಳನ್ನ ದಿನಾ ನಾನೇ ಒರೆಸ್ತಿದ್ದೆ ನಾಗಕುರಾ ಅವ್ರೇ, ದೋಣಿ ಬಿಡೋ ಮೊದಲು," ಎಂದು ಏಪ್ರನ್ನಿನ ಅಂಚನ್ನು ಬೆರಳ ತುದಿಗೆ ಸುತ್ತಿಕೊಂಡು, ಕಿಟಕಿಯ ಮೇಲೆ ಮೆಲ್ಲಗೆ ಉಸಿರು ಬಿಟ್ಟು ಒರೆಸಿದಳು. ಬಗ್ಗಿ ನೋಡಿದಳು. ಮತ್ತೊಮ್ಮೆ ಉಸಿರು ಬಿಟ್ಟು ಒರೆಸಿದಳು.