ಬಿಸ್ಕತ್ತಿಗೆಂದು ಎರಡು ಯೂನಿಟ್

ಆಸ್ಪತ್ರೆಯ ಅಡುಗೆಮನೆಯಲ್ಲಿ ಎಲ್ಲರೂ ಆಕೆಯನ್ನು ತಕ್ಕಡಿಯಮ್ಮ ಎಂದೇ ಕರೆಯುತ್ತಿದ್ದರು. ಯಾವ ಹಾಸಿಗೆಗೆ ಎಷ್ಟು ಗ್ರಾಂ ಅನ್ನ, ಯಾರಿಗೆ ಉಪ್ಪಿಲ್ಲದ ತರಕಾರಿ, ಯಾರಿಗೆ ಬರೀ ಗಂಜಿನೀರು ಎಂಬುದೆಲ್ಲ ಆಕೆಯ ತಕ್ಕಡಿ ದಾಟಿಯೇ ವಾರ್ಡಿಗೆ ಹೋಗಬೇಕು. ರೋಗಿಯ ಅಳಿಯನೋ ಅತ್ತಿಗೆಯೋ ಕದ್ದುಮುಚ್ಚಿ ಸಿಹಿ ತಿನ್ನಿಸಿ ಹೋದರೆ ಆಕೆಗೆ ಅದು ಹೇಗೋ ಗೊತ್ತಾಗುತ್ತಿತ್ತು. ಬೈಯುತ್ತಿರಲಿಲ್ಲ. ಸಂಜೆಯ ತಟ್ಟೆಯಲ್ಲಿ ಅಷ್ಟನ್ನು ಸದ್ದಿಲ್ಲದೆ ಕಡಿಮೆ ಮಾಡಿ ಕಳಿಸುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಆಕೆಯ ತೂಕಕ್ಕೆ ಯಾರೂ ಎದುರಾಡಿರಲಿಲ್ಲ. ಎದುರಾಡುವ ಒಬ್ಬನೇ ಒಬ್ಬ ಗಿರಾಕಿ ಮನೆಯಲ್ಲಿದ್ದ.

ಕಟ್ಟಿಕೊಂಡ ಗಂಡ. ಸಕ್ಕರೆ ಕಾಯಿಲೆಯವನು. ಕೆಲಸವಾದರೂ ಯಾವುದು? ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವುದು! ಲೋಕದಲ್ಲಿ ಇದ್ದಬದ್ದ ಉದ್ಯೋಗವನ್ನೆಲ್ಲ ಬಿಟ್ಟು ಈ ಮನುಷ್ಯನಿಗೆ ಇದೇ ಬೇಕಿತ್ತೇ ಎಂದು ಆಕೆ ಹಣೆ ಚಚ್ಚಿಕೊಳ್ಳದ ದಿನವಿಲ್ಲ. ಅರ್ಧ ಗಂಟೆಗೊಮ್ಮೆ ಭಟ್ಟಿಯಿಂದ ಹೊಸ ತಟ್ಟೆ ಬರುತ್ತದೆ, ಈತ ಒಂದು ತುಂಡು ಅಗಿದು, ಹಿಟ್ಟು ಹದವಾಗಿದೆಯೋ, ಬೇಯುವುದು ಹೆಚ್ಚಾಯಿತೋ ಹೇಳಬೇಕು. ಅಗಿದದ್ದನ್ನು ಪಕ್ಕದ ಡಬ್ಬಿಗೆ ಉಗಿದು ಬಾಯಿ ಮುಕ್ಕಳಿಸಬೇಕು ಎಂಬುದು ನಿಯಮ. ಅನ್ನಕ್ಕೆ ಸಮಾನವಾದದ್ದನ್ನು ಉಗಿಯುವುದುಂಟೇ ಎಂಬುದು ಈತನ ವಾದ. ದಿನಕ್ಕೆ ಹದಿನೈದು ಇಪ್ಪತ್ತು ತುಂಡು ಒಳಗಿಳಿಸಿ, ಮನೆಗೆ ಬಂದು, "ಇವತ್ತು ಏನೂ ತಿಂದಿಲ್ಲ ಕಣೇ, ಹೊಟ್ಟೆ ಚುರುಗುಟ್ತಿದೆ" ಎನ್ನುತ್ತಿದ್ದ. ಸಾಲದ್ದಕ್ಕೆ ಪಕ್ಕದ ಮನೆಯವರಿಗೆಲ್ಲ ಸಕ್ಕರೆ ಬಿಡಿ, ನಡೆಯಿರಿ ಎಂದು ಬುದ್ಧಿ ಹೇಳುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಎರಡು ತಿಂಗಳ ಹಿಂದೆ ಡಾಕ್ಟರು ಆತನ ಅಂಗಾಲಿಗೆ ಸೂಜಿಮೊನೆ ತಾಗಿಸಿ, "ಚುಚ್ಚಿದ್ದು ಗೊತ್ತಾಯ್ತಾ?" ಎಂದು ಕೇಳಿದರು. "ಯಾವಾಗ ಚುಚ್ಚಿದ್ರಿ?" ಎಂದ ಈತ. ಡಾಕ್ಟರು ನಗಲಿಲ್ಲ.

"ನೋಡಿ, ಸಕ್ಕರೆ ಹತೋಟಿಗೆ ಬರದಿದ್ರೆ ಈ ಕಾಲು ಉಳಿಸೋದು ಕಷ್ಟ. ನಾಳೆಯಿಂದ ಬೆಳಿಗ್ಗೆ ತಿಂಡಿಗೆ ಮುಂಚೆ ಇನ್ಸುಲಿನ್. ಹತ್ತು ಯೂನಿಟ್. ಹೆಚ್ಚುಕಡಿಮೆ ಮಾಡೋದಿದ್ರೆ ನನ್ನನ್ನ ಕೇಳಿ."

ಸೂಜಿ ಹಿಡಿಯುವ ಕೆಲಸ ತಕ್ಕಡಿಯಮ್ಮನದಾಯಿತು. ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ನೋಡಿ, ಹತ್ತೆಂದರೆ ಹತ್ತೇ. ಆತ ಬೇರೆ ಕಡೆ ಮುಖ ಮಾಡಿಕೊಂಡು ಹೊಟ್ಟೆ ತೋರಿಸುತ್ತಿದ್ದ. ಎಷ್ಟು ಹಾಕಿದೆ ಎಂದು ಒಂದು ದಿನವೂ ಕೇಳಿದವನಲ್ಲ. ಮೂರು ವಾರ ಎಲ್ಲ ಸರಿಯಿತ್ತು. ಸಂಜೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇಳಿಯುತ್ತಿತ್ತು, ಆಕೆಯ ಮುಖವೂ ಸ್ವಲ್ಪ ಅರಳುತ್ತಿತ್ತು.

ಆಮೇಲೆ ಒಂದು ಭಾನುವಾರ ಬಟ್ಟೆ ಒಗೆಯಲು ಅಂಗಿಯ ಜೇಬು ತಿರುವಿದರೆ ಒಂದು ಹಿಡಿ ಬಿಸ್ಕತ್ತಿನ ಪುಡಿ ಉದುರಿತು.

"ಏನ್ರೀ ಇದು?"

"ಅದಾ? ನಿನ್ನೆ ತಟ್ಟೇದು ಒಂದು ಚೂರು ಇಟ್ಕೊಂಡಿರ್ತೀನಿ. ಇವತ್ತಿನದರ ಪಕ್ಕ ಇಟ್ಟು ನೋಡೋಕೆ. ಎಲ್ಲ ರುಚಿಗಾರರೂ ಹಾಗೇ ಮಾಡೋದು."

"ಹೌದೌದು. ಜೇಬಿಗೂ ಹಸಿವಾಗುತ್ತೆ ಪಾಪ."

ಆತ ನಕ್ಕ. ಆಕೆ ನಗಲಿಲ್ಲ. ಮೂವತ್ತು ವರ್ಷದಿಂದ ಕೇಳಿದ ಸುಳ್ಳುಗಳ ಸಾಲಿನಲ್ಲಿ ಇದನ್ನೂ ಕೂರಿಸಿದಳು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದುಕೊಂಡಳು. ತಿಂದದ್ದಕ್ಕೆ ತಟ್ಟೆಯಲ್ಲಿ ಕಡಿಮೆ ಮಾಡುವುದು ವಾರ್ಡಿನ ಪದ್ಧತಿ. ಈತನಿಗೆ ತಟ್ಟೆಯಲ್ಲಿ ಕಡಿಮೆ ಮಾಡಿದರೆ ಕಾರ್ಖಾನೆಯಲ್ಲಿ ಇನ್ನೆರಡು ನುಂಗುತ್ತಾನೆ. ಹಾಗಾಗಿ ಮರುದಿನ ಬೆಳಿಗ್ಗೆ ಸೂಜಿಯಲ್ಲಿ ಹನ್ನೆರಡು ಎಳೆದಳು. ಬಿಸ್ಕತ್ತಿಗೆಂದು ಎರಡು ಯೂನಿಟ್. ಡಾಕ್ಟರನ್ನು ಕೇಳಲಿಲ್ಲ. ಕೇಳಿದರೆ ಗಂಡನ ಕಳ್ಳತನವನ್ನೂ ಹೇಳಬೇಕಾಗುತ್ತಿತ್ತು, ಅದು ಮರ್ಯಾದೆಯ ಪ್ರಶ್ನೆ.

ವಿಚಿತ್ರವೆಂದರೆ ಸಂಜೆಯ ಸಕ್ಕರೆ ಇಳಿಯುವ ಬದಲು ಏರಿತು. ನೂರೈವತ್ತಕ್ಕೆ ಬಂದದ್ದು ಇನ್ನೂರು ಮುಟ್ಟಿತು. ಜೇಬಿನಲ್ಲಿ ಪುಡಿಯೂ ಹೆಚ್ಚಾಯಿತು. ಓಹೋ, ಇನ್ನೂ ಬೇಕಾ ಎಂದು ಹದಿನಾಲ್ಕು ಹಾಕಿದಳು. ಸಕ್ಕರೆ ಮತ್ತೂ ಏರಿತು. ಹದಿನಾರು ಹಾಕಿದಳು. ಹಾಕುವವಳು ಹಟಮಾರಿ, ತಿನ್ನುವವನು ಭಂಡ ಎಂದು ಆಕೆ ಹಲ್ಲು ಕಚ್ಚಿದಳು.

ಕೊನೆಗೆ ಒಂದು ಸಂಜೆ ಊಟದ ಡಬ್ಬಿ ತೊಳೆಯಲು ಆತನ ಚೀಲಕ್ಕೆ ಕೈ ಹಾಕಿದರೆ ಒಂದು ಅರ್ಧ ಪೊಟ್ಟಣವೇ ಸಿಕ್ಕಿತು. ಈ ಸಲ ಆಕೆ ರೋಸಿ ಹೋದಳು. ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿದಳು.

"ಇದೂ ಪಕ್ಕದಲ್ಲಿಟ್ಟು ನೋಡೋಕಾ? ಕಾಲು ಕತ್ತರಿಸಿದ್ಮೇಲೆ ಈ ಬಿಸ್ಕತ್ತು ಬಂದು ನಿಮ್ಮನ್ನ ಹೊತ್ಕೊಂಡು ತಿರುಗುತ್ತಾ? ಊರಿಗೆಲ್ಲ ತೂಗಿ ಹಾಕ್ತೀನಿ, ನನ್ನ ಮನೇಲೇ ನನ್ನ ಮಾತಿಗೆ ಬೆಲೆ ಇಲ್ಲ. ಸಾಕಾಗಿ ಹೋಗಿದೆ ನನಗೆ, ಸಾಕಾಗಿ ಹೋಗಿದೆ!"

ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಹೆಂಡತಿ ಅತ್ತದ್ದನ್ನು ಆತ ಅಷ್ಟಾಗಿ ನೋಡಿದವನಲ್ಲ.

"ಆಯ್ತು, ಬಿಡು. ನಾಳೆಯಿಂದ ಒಂದು ಚೂರೂ ಗಂಟಲಲ್ಲಿ ಇಳಿಯಲ್ಲ. ಏನೇ ಆಗ್ಲಿ. ಮಾತು ಕೊಟ್ಟೆ."

"ನಿಮ್ಮ ಮಾತು! ಇಂಥ ಮಾತು ಎಷ್ಟು ಕೇಳಿಲ್ಲ ನಾನು."

ಬೆಳಿಗ್ಗೆ ಸೂಜಿ ಹಿಡಿದಾಗ ಒಂದು ಗಳಿಗೆ ಕೈ ತಡೆಯಿತು. ಮಾತು ಕೊಟ್ಟಿದ್ದಾನೆ, ಹತ್ತಕ್ಕೆ ಇಳಿಸಲೇ? ಆಮೇಲೆ ನಾಯಿಬಾಲದ ಗಾದೆ ನೆನಪಾಯಿತು. ಮತ್ತೆ ಹದಿನಾರನ್ನೇ ಎಳೆದು ಚುಚ್ಚಿದಳು. ಆತ ಎಂದಿನಂತೆ ತಿಂಡಿ ತಿಂದು, ಚಪ್ಪಲಿ ಮೆಟ್ಟಿ ಹೊರಟ.

ಹನ್ನೊಂದು ಗಂಟೆಗೆ ಆಕೆ ಮಧ್ಯಾಹ್ನದ ತರಕಾರಿ ತೂಗುತ್ತಿದ್ದಾಗ ಕೆಳಗಿನಿಂದ ಕರೆ ಬಂತು. ತುರ್ತು ವಿಭಾಗಕ್ಕೆ ಯಾರನ್ನೋ ಕಾರ್ಖಾನೆಯಿಂದ ಹೊತ್ತು ತಂದಿದ್ದಾರೆ, ನಿಮ್ಮ ಯಜಮಾನರಂತೆ. ಏಪ್ರನ್ ಬಿಚ್ಚದೆ ಮೆಟ್ಟಿಲಿಳಿದು ಓಡಿದಳು. ಆತ ಮಂಚದ ಮೇಲೆ ಬೆವರಿನಿಂದ ತೊಯ್ದು ಬಿದ್ದಿದ್ದ. ತೋಳಿಗೆ ಗ್ಲೂಕೋಸ್ ಏರಿಸುತ್ತಿದ್ದರು. ಸಕ್ಕರೆ ಮೂವತ್ತೊಂದಕ್ಕೆ ಇಳಿದಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಕೈ ತಪ್ಪುತ್ತಿತ್ತು ಎಂದಳು ನರ್ಸ್.

ಜೊತೆಗೆ ಬಂದಿದ್ದ ಭಟ್ಟಿ ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದ.

"ಒಂದು ತಿಂಗಳಿಂದ ಹೀಗೇ ಅಮ್ಮ. ಹತ್ತೂವರೆ ಆಗ್ತಿದ್ದಂಗೆ ಕೈ ನಡುಗೋದು, ಬೆವರೋದು. ನಾಲ್ಕೈದು ಬಿಸ್ಕತ್ತು ತಿಂದ್ರೆ ಸರಿಹೋಗೋದು. ಅದಕ್ಕೂ ಮುಂಚೆ ಒಂದು ಚೂರೂ ನುಂಗ್ತಿರ್ಲಿಲ್ಲ. ಡಾಕ್ಟ್ರು ಕಾಲಿನ ಮಾತಾಡಿದ ದಿನದಿಂದ ಎಲ್ಲಾ ಉಗೀತಿದ್ರು, ನಾವೆಲ್ಲ ನಗ್ತಿದ್ವಿ. ಇವತ್ತು ನಡುಕ ಶುರುವಾದಾಗ ನಾನೇ ಬಾಯಿಗೆ ಹಿಡಿದೆ. ಕೈ ತಳ್ಳಿಬಿಟ್ರು. ಮನೇಲಿ ಮಾತು ಕೊಟ್ಟಿದ್ದೀನಿ ಅಂದ್ರು."

ತಕ್ಕಡಿಯಮ್ಮ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ತಿಂಗಳಿಡೀ ಆದದ್ದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಹೆಚ್ಚು ಹಾಕಿದ್ದಕ್ಕೆ ಸಕ್ಕರೆ ಕುಸಿದು ಆತ ತಿಂದ, ಆತ ತಿಂದದ್ದಕ್ಕೆ ಅವಳು ಹೆಚ್ಚು ಹಾಕಿದಳು. ಅಯ್ಯೋ ಮೂಳಿ, ಏನು ಮಾಡಿಬಿಟ್ಟೆ ಎಂದು ತನ್ನನ್ನೇ ಬೈದುಕೊಂಡಳು.

ಅರ್ಧ ಗಂಟೆಯಲ್ಲಿ ಆತ ಕಣ್ಣು ಬಿಟ್ಟ. ಡಾಕ್ಟರು ಚೀಟಿ ಹಿಡಿದು ಬಂದರು.

"ಬೆಳಿಗ್ಗೆ ತಿಂಡಿ ತಿಂದಿದ್ರಾ?"

"ತಿಂದೆ ಡಾಕ್ಟ್ರೇ. ಆದ್ರೂ ತಪ್ಪು ನನ್ನದೇ. ದಿನಾ ಹೀಗಾಗ್ತಿತ್ತು, ನಿಮಗೆ ಹೇಳ್ಲಿಲ್ಲ. ಹೇಳಿದ್ರೆ ಬಿಸ್ಕತ್ತಿನ ವಿಷಯ ಇವಳಿಗೆ ಗೊತ್ತಾಗ್ತಿತ್ತು."

ಡಾಕ್ಟರು ತಲೆಯಾಡಿಸಿದರು. "ಬರೀ ಹತ್ತು ಯೂನಿಟ್ಟಿಗೆ ಹೀಗೆ ಬೀಳ್ತಿದ್ರೆ ಇನ್ಸುಲಿನ್ ನಿಮಗೆ ಆಗಿಬರಲ್ಲ ಅನ್ಸುತ್ತೆ. ನಿಲ್ಲಿಸೋಣ. ಮತ್ತೆ ಮಾತ್ರೆಗೇ ಹೋಗೋಣ, ಆದ್ರೆ ಕಾಲಿನ ವಿಷಯ ನಾನು ಭರವಸೆ ಕೊಡೋಕಾಗಲ್ಲ."

ಪೆನ್ನು ಚೀಟಿಯ ಮೇಲೆ ಇಳಿಯಿತು. ಸುಮ್ಮನಿದ್ದರೆ ಆಕೆಯ ಮಾನ ಉಳಿಯುತ್ತಿತ್ತು. ವಾರ್ಡಿನ ನರ್ಸುಗಳು, ಅಡುಗೆಮನೆಯ ಹುಡುಗಿಯರು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹತ್ತಲ್ಲ ಡಾಕ್ಟ್ರೇ," ಎಂದಳು. "ಹದಿನಾರು. ನಾನೇ ಹಾಕ್ತಿದ್ದೆ. ಯಾರನ್ನೂ ಕೇಳ್ಲಿಲ್ಲ."

ಡಾಕ್ಟರು ಪೆನ್ನು ಎತ್ತಿ ಆಕೆಯನ್ನು ನೋಡಿದರು. ಬೈದರು. ತೂಕ ಗೊತ್ತಿರುವವರೇ ಹೀಗೆ ಮಾಡಿದರೆ ಉಳಿದವರ ಗತಿ ಏನು ಎಂದು ನಾಲ್ಕು ಜನರ ಮುಂದೆಯೇ ಬೈದರು. ಬರೆಯುತ್ತಿದ್ದದ್ದನ್ನು ಹೊಡೆದುಹಾಕಿ, ನಾಳೆ ಬೆಳಿಗ್ಗೆ ಪರೀಕ್ಷೆ ಮಾಡಿದ ಮೇಲೆ ಪ್ರಮಾಣ ನಾನೇ ಹೇಳುತ್ತೇನೆ, ಇನ್ಸುಲಿನ್ ಮುಂದುವರಿಯುತ್ತದೆ ಎಂದು ಹೇಳಿ ಹೋದರು.

ಭಟ್ಟಿ ಮೇಸ್ತ್ರಿಯೂ ಮೆಲ್ಲಗೆ ಹೊರಗೆ ಸರಿದ. ಗಂಡಹೆಂಡಿರಿಬ್ಬರೇ ಉಳಿದರು.

"ಒಂದು ಮಾತು ನನ್ನನ್ನ ಕೇಳಬಹುದಿತ್ತಲ್ಲೇ," ಎಂದ ಆತ.

"ಕೇಳಿದ್ರೆ ನಿಜ ಹೇಳ್ತಿದ್ರಾ?" ಆಕೆಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಎದೆ ಮುಟ್ಟಿ ಹೇಳಿ, ಮೂವತ್ತು ವರ್ಷದಲ್ಲಿ ತಿನ್ನೋ ವಿಷಯದಲ್ಲಿ ಒಂದು ಸಲ ಆದ್ರೂ ನಿಜ ಹೇಳಿದ್ದೀರಾ?"

ಆತ ಬೆರಳು ಮಡಚಿ ಎಣಿಸಿದ.

"ಜೇಬಿನ ಪುಡಿ ವಿಷಯ ನಿಜ ಹೇಳಿದ್ದೆ," ಎಂದ. "ಆಮೇಲೆ, ನಿನ್ನೆ ಸಂಜೆ."

ಆಕೆ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ಆತನ ಹಣೆಯ ಬೆವರನ್ನು ಏಪ್ರನ್ ತುದಿಯಿಂದ ಒರೆಸುತ್ತ ಕೂತಳು.